ಮೂರು ಕಡೆಗೂ ಉಕ್ಕಿದ ಹಾಲು

ನನ್ನ ಗೆಳೆಯ ಚಿಕ್ಕಯ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಬಾಡಿಗೆ ಮನೆ ಹುಡುಕುವವನಿಗೆ ಇದಕ್ಕಿಂತ ದೊಡ್ಡ ಕಾಯಿಲೆ ಇನ್ನೊಂದಿಲ್ಲ. ಅವನು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ, ನಾನು ಅದೇ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದೆ. ನನಗಾದರೂ ಅಜ್ಜನ ಕಾಲದ ಹೆಂಚಿನ ಮನೆ ಇತ್ತು, ಬಚಾವಾದೆ. ಇಲ್ಲದಿದ್ದರೆ ಡ್ರಮ್ಮಿನವನಿಗೆ ಮೈಸೂರಿನಲ್ಲಿ ಯಾವ ಪುಣ್ಯಾತ್ಮ ಮನೆ ಕೊಡುತ್ತಿದ್ದ?

ತೊಂಬತ್ತೆಂಟನೇ ಇಸವಿಯ ಮಾತು. ಚಿಕ್ಕಯ್ಯ ಮತ್ತು ಅವನ ಹೆಂಡತಿ ಇಂದ್ರಮ್ಮ ಲಷ್ಕರ್ ಮೊಹಲ್ಲಾದ ಒಂದು ವಠಾರದಲ್ಲಿದ್ದರು. ಪಕ್ಕದ ಮನೆಯವರು ಒಗ್ಗರಣೆ ಹಾಕಿದರೆ ಇವರಿಗೆ ಸೀನು ಬರುತ್ತಿತ್ತು. ಅಂಥ ಕಡೆ ಕ್ಲಾರಿನೆಟ್ ಎತ್ತಿದರೆ ಕೇಳಬೇಕೇ? ಎಲ್ಲರೂ ಗೋಡೆ ಗುದ್ದುತ್ತಿದ್ದರು. ಅದಕ್ಕೆ ಅವನು ವಾದ್ಯದ ಕೆಳತುದಿಯ ಬಾಯಿಗೆ ಒಂದು ಕೆಂಪು ಟವೆಲು ತುರುಕಿಕೊಂಡು ಅಭ್ಯಾಸ ಮಾಡುತ್ತಿದ್ದ. ನಿಜ ಹೇಳಬೇಕೆಂದರೆ ಕ್ಲಾರಿನೆಟ್ಟಿನ ದನಿ ಹೆಚ್ಚಾಗಿ ಹೊರಡುವುದು ಬೆರಳಿಡುವ ತೂತುಗಳಿಂದ. ಟವೆಲಿನಿಂದ ಕೆಟ್ಟದ್ದು ಕೆಳಗಿನ ಸ್ವರಗಳು ಮಾತ್ರ. ಅವು ನೆಗಡಿಯಾದವರ ಹಾಗೆ ಮೂಗಿನಲ್ಲಿ ಹಾಡುತ್ತಿದ್ದವು. ಆದರೂ ಟವೆಲು ಕಣ್ಣಿಗೆ ಬಿದ್ದರೆ ವಠಾರದವರಿಗೆ ಏನೋ ಸಮಾಧಾನ.

ಮದುವೆಗಳಲ್ಲಿ ಅವನು ಟವೆಲಿಲ್ಲದೆ ಊದುತ್ತಿದ್ದ, ನಿಂತವರ ರೋಮ ನಿಮಿರುವ ಹಾಗೆ. ಆದರೆ ಯಾರದೋ ಮದುವೆಗೆ ಬ್ಯಾಂಡಿನವನ ಹೆಂಡತಿಯನ್ನು ಕರೆಯುವವರು ಯಾರು?

"ಊರ್ಗೆಲ್ಲ ಕ್ಲಾರಿನೆಟ್ಟು, ನಂಗೆ ಮಾತ್ರ ಟವಲ್ಲು," ಎನ್ನುತ್ತಿದ್ದಳು ಇಂದ್ರಮ್ಮ. ನಗುತ್ತಲೇ ಹೇಳುತ್ತಿದ್ದಳು, ಆದರೆ ಚಿಕ್ಕಯ್ಯ ಆಗೆಲ್ಲ ತಲೆ ತಗ್ಗಿಸಿಕೊಳ್ಳುತ್ತಿದ್ದ.

ಅಷ್ಟರಲ್ಲಿ ವಠಾರವನ್ನು ಯಾರೋ ಕೊಂಡು, ಕೆಡವಿ ಅಂಗಡಿ ಕಟ್ಟಬೇಕು, ಆಷಾಢ ಮುಗಿಯುವುದರೊಳಗೆ ಖಾಲಿ ಮಾಡಿ ಎಂದರು. ಆಷಾಢದಲ್ಲಿ ನಮ್ಮವರು ಯಾರೂ ಹೊಸ ಮನೆಗೆ ಕಾಲಿಡುವುದಿಲ್ಲ. ಅಂದರೆ ಅದು ಹುಟ್ಟುವ ಮೊದಲೇ ಮನೆ ಸಿಗಬೇಕು, ಅಲ್ಲಿ ಹಾಲು ಉಕ್ಕಿಸಬೇಕು. "ಈ ಸಲ ಟವಲ್ ಬೇಡದ ಮನೇನೇ ಹುಡುಕ್ತೀನಿ ಕಣೇ," ಎಂದು ಚಿಕ್ಕಯ್ಯ ಹೆಂಡತಿಗೆ ಮಾತು ಕೊಟ್ಟುಬಿಟ್ಟ. ಕೊಟ್ಟವನಿಗಿಂತ ಕೇಳಿಸಿಕೊಂಡ ನನಗೇ ಹೆಚ್ಚು ಹೆದರಿಕೆಯಾಯಿತು.

ಸರಸ್ವತಿಪುರಂನಲ್ಲಿ, ಒಂದು ಟ್ಯುಟೋರಿಯಲ್ಲಿನ ಮಹಡಿಯ ಮೇಲೆ ಗೋವಿಂದರಾಜುವಿನ ಮನೆ ಬಾಡಿಗೆ ಏಜೆನ್ಸಿ. ಅವನ ಬೆನ್ನ ಹಿಂದೆ ಹಲಗೆಯ ತುಂಬ ಮೊಳೆಗಳು, ಮೊಳೆಗಳಲ್ಲಿ ಬೀಗದ ಕೈಗಳು, ಒಂದೊಂದಕ್ಕೂ ವಿಳಾಸ ಬರೆದ ರಟ್ಟಿನ ಚೂರು. ಅಷ್ಟೊಂದು ಬೀಗದ ಕೈ ಕಂಡು ಚಿಕ್ಕಯ್ಯನಿಗೆ ಮನೆ ಸಿಕ್ಕೇಬಿಟ್ಟಿತು ಅನ್ನಿಸಿತು. ಗೋವಿಂದರಾಜು ಮೊದಲು ನೋಂದಣಿ ಫೀಸು ಇಸಕೊಂಡ. ಆಮೇಲೆ, "ನಾಳೆ ಬನ್ನಿ ಸಾರ್," ಎಂದ.

ಆ ನಾಳೆಗಳ ಕಥೆ ಹೇಳಹೊರಟರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಗಾಳಿ ಬೆಳಕು ಚೆನ್ನಾಗಿದೆ ಎಂದು ತೋರಿಸಿದ ಮನೆಗೆ ಕಿಟಕಿಯೇ ಇರಲಿಲ್ಲ. ಸದಾ ನೀರು ಬರುತ್ತದೆ ಎಂದ ಮನೆಯಲ್ಲಿ ನೀರು ಬರುತ್ತಿದ್ದುದು ಗೋಡೆಯಿಂದ. ಇನ್ನೊಂದು ಮನೆಯ ಬಾಗಿಲು ತೆರೆದರೆ ಒಳಗೆ ಒಂದು ಸಂಸಾರ ಊಟಕ್ಕೆ ಕೂತಿತ್ತು, ಬಂದು ತಿಂಗಳಾಯಿತಂತೆ. ಪಾಪ, ನಮಗೂ ಮಜ್ಜಿಗೆ ಕೊಟ್ಟರು.

ಮನೆ ಚೆನ್ನಾಗಿದ್ದರೆ ಮಾಲೀಕರ ಪರೀಕ್ಷೆ. ಅದು ಏಜೆನ್ಸಿಯಲ್ಲೇ ನಡೆಯುತ್ತಿತ್ತು. ಯಾವ ಪೈಕಿ, ಮನೆಯಲ್ಲಿ ಎಷ್ಟು ಜನ, ನೆಂಟರು ಜಾಸ್ತಿಯೇ, ಮಾಂಸ ಮಾಡುತ್ತೀರಾ? "ಭಾನುವಾರ ಮಾಡ್ತೀವಿ," ಎಂದು ಚಿಕ್ಕಯ್ಯ ಒಂದು ಮನೆ ಕಳೆದ. "ಮನೇಲಿ ಕ್ಲಾರಿನೆಟ್ ಊದ್ತೀನಿ," ಎಂದು, ಯಾರೂ ಕೇಳದೆ ಇದ್ದರೂ, ಉಳಿದವನ್ನೆಲ್ಲ ಕಳೆದ.

ಗೋವಿಂದರಾಜು ತಲೆ ಚಚ್ಚಿಕೊಂಡ. "ಸಂಗೀತದ ಮೇಷ್ಟ್ರು ಅನ್ನಿ ಸಾರ್, ಏನು ಗಂಟು ಹೋಗುತ್ತೆ?"

"ನಾನು ಯಾರ್ಗೂ ಕಲಿಸಿಲ್ವಲ್ಲ ಸ್ವಾಮಿ."

ಕಡೆಗೆ ಪುಟ್ಟಲಿಂಗಮ್ಮ ಎಂಬ ಹೆಂಗಸು ಬಂದರು. ಕಂಪೌಂಡಿನ ಹಿಂದಿನ ಮನೆಯಲ್ಲಿ ತಾವಿದ್ದು, ಮುಂದಿನದನ್ನು ಬಾಡಿಗೆಗೆ ಕೊಡುವವರು. ಚಿಕ್ಕಯ್ಯ ತನ್ನ ಕಸುಬು ಹೇಳಿದ್ದೇ ತಡ, "ಬ್ಯಾಂಡ್ನೋರಾ? ನಮ್ಮನೆ ಏನು ಛತ್ರಾನಾ?" ಎಂದು ಎದ್ದು ಹೊರಟೇಹೋದರು. ಆ ಮನೆಯನ್ನು ನಾವು ಕಣ್ಣಿಂದಲೂ ನೋಡಲಿಲ್ಲ.

ಅಮಾವಾಸ್ಯೆ ಕಳೆದರೆ ಆಷಾಢ, ಅಮಾವಾಸ್ಯೆಯ ದಿನವೂ ಆಗದು, ಹಾಗಾಗಿ ಹಾಲು ಉಕ್ಕಿಸಲು ಉಳಿದದ್ದು ಅಮಾವಾಸ್ಯೆಗೆ ಮುಂಚಿನ ಒಂದೇ ಬೆಳಗ್ಗೆ. ಅದರ ಹಿಂದಿನ ಸಂಜೆ ಗೋವಿಂದರಾಜು ಜಯಿಸಿದವನ ಹಾಗೆ ಕೂತಿದ್ದ. "ಹಿಟ್ಟಿನ ಗಿರಣಿ ಹಿಂದೆ ಒಂದು ಮನೆ ಇದೆ. ಮಾಲೀಕರು ಊರಲ್ಲಿಲ್ಲ. ಗಿರಣಿ ಸದ್ದಲ್ಲಿ ನೀವು ಊದಿದ್ದು ನಿಮಗೇ ಕೇಳ್ಸಲ್ಲ. ಅಡ್ರೆಸ್ಸು ರಟ್ಟಲ್ಲಿದೆ, ಹೋಗಿ ಹಾಲು ಉಕ್ಕಿಸಿ." ಫೋನಿನಲ್ಲಿ ಯಾರಿಗೋ ಬೈಯುತ್ತಲೇ ಕೈಯನ್ನು ಹಿಂದಕ್ಕೆ ಚಾಚಿ, ಮೊಳೆಯಿಂದ ಬೀಗದ ಕೈ ಕಿತ್ತು ಕೊಟ್ಟ.

ಬೆಳಗ್ಗೆ ನಾವು ಮೂವರೂ ಆಟೋದಲ್ಲಿ ಹೊರಟೆವು. ಇಂದ್ರಮ್ಮನ ಮಡಿಲಲ್ಲಿ ದೇವರ ಪಟ, ನನ್ನ ಕಾಲ ಸಂದಿಯಲ್ಲಿ ಸೀಮೆಎಣ್ಣೆ ಸ್ಟವ್ವು, ಚಿಕ್ಕಯ್ಯನ ಕಂಕುಳಲ್ಲಿ ಕ್ಲಾರಿನೆಟ್ ಪೆಟ್ಟಿಗೆ. ರಟ್ಟಿನ ವಿಳಾಸದಲ್ಲಿ ಚೊಕ್ಕ ಮನೆಯೊಂದು ಸಿಕ್ಕಿತು. ಬೀಗವೂ ತೆರೆಯಿತು.

"ಗಿರಣಿ ಎಲ್ಲಿ?" ಎಂದ ಚಿಕ್ಕಯ್ಯ.

"ಇನ್ನೂ ತೆರೆದಿಲ್ಲ ಬುಡೋ," ಎಂದೆ. ತೆರೆಯದಿದ್ದರೆ ಗಿರಣಿ ಕಾಣುವುದೂ ಇಲ್ಲವೇ ಎಂದು ನನಗಾಗಲಿ ಅವನಿಗಾಗಲಿ ಹೊಳೆಯಲಿಲ್ಲ.

ಇಂದ್ರಮ್ಮ ಅಡುಗೆಮನೆಯ ನೆಲಕ್ಕೆ ರಂಗೋಲಿ ಎಳೆದು, ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ಹಾಲಿಟ್ಟಳು. ಹಾಲು ಮೂಡಲಿಗೆ ಉಕ್ಕಿದರೆ ಮನೆಗೆ ಒಳ್ಳೆಯದು. ಅದು ಉಕ್ಕಿ, ಚೆಲ್ಲಿ, ಕಮರು ವಾಸನೆ ಎದ್ದ ಹೊತ್ತಿಗೆ ಹೂವಿನ ಬುಟ್ಟಿ ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ಪುಟ್ಟಲಿಂಗಮ್ಮ ನಿಂತಿದ್ದರು!

"ಅಯ್ಯೋ ಶಿವನೇ! ನನ್ನ ಮನೇಲಿ ಹಾಲು ಉಕ್ಸುಬುಟ್ರಾ?"

ಗೋವಿಂದರಾಜು ಪಕ್ಕದ ಮೊಳೆಗೆ ಕೈ ಹಾಕಿದ್ದ. ವಿಷಯ ತಿಳಿದ ಕೂಡಲೇ ಇಂದ್ರಮ್ಮ ಅಳುತ್ತಾ ಪಟ ಎತ್ತಿಕೊಂಡಳು. ಪುಟ್ಟಲಿಂಗಮ್ಮ ಮಾತ್ರ ರಂಗೋಲಿ ನೋಡಿದರು, ಸ್ಟವ್ವು ನೋಡಿದರು. ಸಿಟ್ಟಿನ ಜಾಗದಲ್ಲಿ ಭಯ ಬಂದು ಕೂತಿತ್ತು. ಹಾಲು ಉಕ್ಕಿದ ಮನೆಯಿಂದ ಜನರನ್ನು ಎಬ್ಬಿಸುವುದು ಉಂಟೇ?

"ಯಾವ ಕಡೆಗೆ ಉಕ್ತು?"

"ಮೂಡಲಿಗೆ ಕಣಮ್ಮ," ಎಂದಳು ಇಂದ್ರಮ್ಮ ತಟ್ಟನೆ.

"ನೀನಿರವ್ವ. ನೀವು ಹೇಳಿ," ಎಂದು ಅವರು ಚಿಕ್ಕಯ್ಯನ ಕಡೆ ತಿರುಗಿದರು.

ನಾನು ಚಿಕ್ಕಯ್ಯನ ಕಾಲು ತುಳಿದೆ. ಇಂದ್ರಮ್ಮ ಕಣ್ಣಲ್ಲೇ ಬೇಡಿಕೊಂಡಳು. ಒಂದು ಮಾತು, ಮೂಡಲು ಎಂಬ ಒಂದೇ ಮಾತು ಸಾಕಿತ್ತು.

"ಮೊದ್ಲು ತೆಂಕಲಿಗೆ ಉಕ್ತು ಕಣಮ್ಮ," ಎಂದ ಚಿಕ್ಕಯ್ಯ. "ಸ್ಟವ್ವು ವಾಲಿತ್ತು. ಇಡ್ಕೊಳಕ್ಕೋದೆ, ಪಡುವಲಿಗೂ ಚೆಲ್ತು."

ಮುಗಿಯಿತು ಎಂದುಕೊಂಡು ನಾನು ಸ್ಟವ್ವಿಗೆ ಕೈ ಹಾಕಿದೆ.

"ಮೂಡಲಿಗೆ ಬರಲೇ ಇಲ್ವಾ?" ಪುಟ್ಟಲಿಂಗಮ್ಮ ಬೇಡುವವರ ಹಾಗೆ ಕೇಳಿದರು.

"ಬಂತು. ಕಡೇಲಿ, ವಸಿ."

ಅವರು ಅವನನ್ನೇ ನೋಡಿದರು. ಆಮೇಲೆ ಬುಟ್ಟಿ ಕೆಳಗಿಟ್ಟು ನಕ್ಕರು, ಹೊಟ್ಟೆ ಕುಲುಕುವಂತೆ. "ಕಡೇಲಾದ್ರೂ ಬಂತಲ್ಲ, ಸಾಕು ಬುಡಿ. ಹೋದ ಬಾಡಿಗೆಯವನು ನಿಂತ ನಿಂತಲ್ಲೇ ಸುಳ್ಳು ಹೇಳ್ತಿದ್ದ, ಕೇಳಿ ಕೇಳಿ ನಂಗೆ ಸಾಕಾಗಿತ್ತು. ನನ್ನ ಪೂಜೆ ಹೊತ್ತಲ್ಲಿ ಮಾತ್ರ ಊದ್ಬೇಡಿ. ಮೊದ್ಲು ನೆಲ ಒರ್ಸಿ, ಇರುವೆ ಬರ್ತವೆ."

ಖಾಲಿ ಮನೆಯಲ್ಲಿ ಬಟ್ಟೆ ಎಲ್ಲಿಂದ ಬರಬೇಕು? ಇಂದ್ರಮ್ಮ ಕ್ಲಾರಿನೆಟ್ ಪೆಟ್ಟಿಗೆ ತೆರೆದು ಕೆಂಪು ಟವೆಲನ್ನೇ ಎಳೆದು, ಮೂರು ಕಡೆಯ ಹಾಲನ್ನೂ ಒರೆಸಿ, ಒಗೆದು ತಂತಿಗೆ ಹಾಕಿದಳು. ಅಷ್ಟರಲ್ಲಿ ಗೋವಿಂದರಾಜು ಸರಿಯಾದ ಬೀಗದ ಕೈ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದ. ಪುಟ್ಟಲಿಂಗಮ್ಮ ಅವನಿಗೆ ಮಾಡಿದ ಮಂಗಳಾರತಿಯನ್ನು ಬರೆಯುವ ಹಾಗಿಲ್ಲ. ಮುಂದೆ ಅವನು ಅದೆಲ್ಲ ತನ್ನದೇ ಉಪಾಯ ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದನಂತೆ.

ಸಂಜೆಯೊಳಗೆ ಸಾಮಾನು ಬಂತು. ಗಂಟು ಬಿಚ್ಚುವ ಮೊದಲೇ ಚಿಕ್ಕಯ್ಯ ಕ್ಲಾರಿನೆಟ್ ಜೋಡಿಸಿದ. ಅಭ್ಯಾಸಬಲ, ಕೈ ಸುತ್ತಮುತ್ತ ತಡಕಾಡಿತು.

"ಅದು ಒದ್ದೆ," ಎಂದಳು ಇಂದ್ರಮ್ಮ ಅಡುಗೆಮನೆಯಿಂದ. "ಅಂಗೇ ಊದಿ."

ದಿಬ್ಬಣ ಛತ್ರದ ಬಾಗಿಲಿಗೆ ಬಂದಾಗ ಊದುತ್ತಿದ್ದನಲ್ಲ, ಅದನ್ನೇ ಎತ್ತಿಕೊಂಡ. ಕೆಳಗಿನ ಸ್ವರಗಳು ನೆಗಡಿ ಬಿಟ್ಟು ದುಂಡಗೆ ಹೊರಬಂದವು. ಇಂದ್ರಮ್ಮ ಅರ್ಧ ಬಿಡಿಸಿದ ಹುರುಳಿಕಾಯಿ ಸಮೇತ ಹೊಸಿಲ ಮೇಲೆ ಕೂತುಬಿಟ್ಟಳು. ಮುಗಿದ ಮೇಲೂ ಏಳಲಿಲ್ಲ.

"ಇಷ್ಟು ವರ್ಷ ಇದ್ನೆಲ್ಲ ಊರೋರ್ಗೇ ಕೊಟ್ಬುಟ್ರಲ್ಲ ನೀವು," ಎಂದಳು.

ಚಿಕ್ಕಯ್ಯ ಮತ್ತೆ ಮೊದಲಿನಿಂದ ಎತ್ತಿಕೊಂಡ. ನನಗಂತೂ ಅಳು ಬಂತು, ಡ್ರಮ್ಮಿನವನಾದರೂ. ಟವೆಲು ಒಣಗಿದ ಮೇಲೆ ಇಂದ್ರಮ್ಮ ಅದನ್ನು ಒಲೆಯ ಪಕ್ಕದಲ್ಲಿಟ್ಟಳು. ಅಂದಿನಿಂದ ಅದು ಆ ಮನೆಯ ಮಸಿಬಟ್ಟೆ.