ಹೆಸರಿದ್ದ ಮೂಲೆ

ಹೋದ ತಿಂಗಳು ನಮ್ಮ ಓಣಿಯ ಹಳೆಯ ಮಗ್ಗದ ಮನೆಯ ಚಾವಣಿ ಇಳಿಸಿದರು. ನೋಡಲು ಹೋಗಿದ್ದ ನನ್ನ ದೊಡ್ಡ ಮಗ ಬರುವಾಗ ಕೈಯಲ್ಲಿ ಒಂದು ಕಬ್ಬಿಣದ ಕೊಂಡಿ ಹಿಡಿದು ಬಂದ. ಮೈಯೆಲ್ಲ ತುಕ್ಕು ಹಿಡಿದದ್ದು, ಒಳಬದಿ ಮಾತ್ರ ಹಗ್ಗ ತಿಕ್ಕಿ ತಿಕ್ಕಿ ನುಣ್ಣಗಾಗಿತ್ತು.

"ಅವ್ವಾ, ತೊಲಿಗೆ ಇಂಥವು ಆರು ಇದ್ದುವು. ಮಗ್ಗದ ಮನ್ಯಾಗ ಇವು ಎದಕ್ಕಬೇ?" ಎಂದು ಕೇಳಿದ.

ಅವನನ್ನೇ ಆ ಕೊಂಡಿಗೆ ಕಟ್ಟಿ ತೂಗಿದ್ದೆ. ಅದನ್ನು ಹೇಳುವ ಬದಲು ಕೊಂಡಿಯನ್ನು ಮೂಗಿನ ಹತ್ತಿರ ತಂದೆ. ತುಕ್ಕಿನ ವಾಸನೆ ಬರಬೇಕಿತ್ತು, ನನಗೆ ಬಂದದ್ದು ಗಂಜಿಯ ವಾಸನೆ... ಅದರ ಹಿಂದೆಯೇ ನಕಾಶಿ ಅಕ್ಕೋರು ಬಂದು ನಿಂತರು.

ಅವರಿಗೊಂದು ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅಳಿಸಿದವಳು ಈಗ ಬರೆದು ದೊಡ್ಡವಳಾಗುವುದು ಬೇಡ.

ನಮ್ಮ ಇಳಕಲ್ ಇನ್ನೂ ಮುಂಬೈ ರಾಜ್ಯಕ್ಕೆ ಸೇರಿದ್ದ ಕಾಲ ಅದು. ಬಾಗಲಕೋಟೆಯಿಂದ ವರ್ಗವಾಗಿ ಬಂದ ಸಾಲೆಯ ಹೆಡ್ ಮಾಸ್ತರರು ನಮ್ಮ ಓಣಿಯ ತುದಿಯ ಮನೆಯನ್ನು ಬಾಡಿಗೆಗೆ ಹಿಡಿದಿದ್ದರು. ಅವರ ಮಗಳು ಮುಂಬೈಯಲ್ಲಿ ಐದು ವರ್ಷ ಇದ್ದು, ಮನೆಗಳ ನಕಾಶೆ ಬರೆಯುವುದನ್ನು ಕಲಿತು ಬಂದಿದ್ದಳಂತೆ. ವಯಸ್ಸು ಇಪ್ಪತ್ತೈದು ದಾಟಿದರೂ ಮದುವೆಯಿಲ್ಲ. ಓಣಿಗೆ ಇಷ್ಟು ಸಾಕಾಗಿತ್ತು. ಕಲಿತವರಾದ್ದರಿಂದ ಅಕ್ಕೋರು ಅಂದೆವು, ನಂಬದವರಾದ್ದರಿಂದ ಮುಂದೆ ನಕಾಶಿ ಸೇರಿಸಿದೆವು.

"ಮನಿ ಕಟ್ಟಾವ ಗೌಂಡಿ, ಮನಿ ನಡಸಾಕಿ ಹೆಣ್ಮಗಳು. ನಡಬರಕ ಇಕಿದೇನ ಕೆಲಸ?" ಎಂದು ನಮ್ಮತ್ತೆ ಕೇಳುತ್ತಿದ್ದಳು. ನನಗೂ ಆ ಮಾತು ಸರಿಯೆಂದೇ ಕಂಡಿತ್ತು.

ನಾನು ಆಗ ಆ ಮನೆಗೆ ಹೊಸ ಸೊಸೆ, ಏಳು ತಿಂಗಳ ಬಸುರಿ. ನಮ್ಮದು ನೇಕಾರರ ಮನೆತನ. ಮಾವ ಮತ್ತು ನನ್ನ ಗಂಡ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವರು, ಅತ್ತೆ ಮತ್ತು ನಾನು ಮೂಲೆಯಲ್ಲಿ ಕೂತು ಅವರ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುವೆವು. ಮಾವ ಓಣಿಯ ನೇಕಾರರ ಸಂಘದ ಹಿರಿಯರು. ಕತ್ತಲೆ ಮನೆಗಳಲ್ಲಿ ನೇಯ್ದು ಕಣ್ಣು ಹಾಳಾಗುತ್ತವೆ, ಸಂಘದಿಂದ ಎಲ್ಲರಿಗೂ ಸೇರಿ ಒಂದು ಮಗ್ಗದ ಮನೆ ಕಟ್ಟಿಸಬೇಕು ಎಂಬ ಮಾತು ಎದ್ದಿತ್ತು. ಸರಕಾರದ ಮಂಜೂರಾತಿಗೆ ನಕಾಶೆ ಬೇಕು. ಮಾಸ್ತರರು ನಮ್ಮ ಮಗಳು ಬರೆದುಕೊಡುತ್ತಾಳೆ ಎಂದರು. ಪುಕ್ಕಟೆ ಸಿಕ್ಕದ್ದನ್ನು ಬಿಡುವುದೇಕೆಂದು ಮಾವ ಹೂಂ ಅಂದರು.

ಹಾಗೆ ಅಕ್ಕೋರು ನಮ್ಮ ಮನೆಗೆ ಬಂದರು. ಚರ್ಮದ ಡಬ್ಬಿಯೊಳಗೆ ಸುತ್ತಿಕೊಂಡ ಅಳತೆ ಪಟ್ಟಿ, ಬಗಲಲ್ಲಿ ಚೌಕುಳಿ ಗೆರೆಯ ಕಾಗದ. ಮಗ್ಗದ ಉದ್ದ, ಅಗಲ, ಕುಣಿಯ ಆಳ, ಎಲ್ಲ ಅಳೆದು ಆ ಚೌಕುಳಿಗಳಲ್ಲಿ ಚುಕ್ಕೆ ಇಡುತ್ತಿದ್ದರು. ಮಗ್ಗದ ಮೇಲೆ ಮಾವನ ಕೈಯ ಚಿಕ್ಕಿಪರಾಸ ದಡಿಯ ಸೀರೆ ಇತ್ತು. ಅತ್ತೆ ಅದನ್ನೂ ಆ ಕಾಗದವನ್ನೂ ನೋಡಿದಳು. ಅಕ್ಕೋರು ಆಚೆ ಹೋದ ಮೇಲೆ ನನ್ನ ರಟ್ಟೆ ಹಿಡಿದು, "ಇಕಿ ಮನಿ ಬರ್ಯಾಕ ಬಂದಿಲ್ಲ, ದಡಿ ನಕಲ್ ಹೊಡ್ಯಾಕ ಬಂದಾಳ. ಮುಂಬೈ ಮಿಲ್ಲಿನವರು ಕಳಿಸ್ಯಾರ" ಅಂದಳು.

ದಡಿಯ, ಅಂದರೆ ಸೀರೆಯ ಅಂಚಿನ, ನಮೂನೆ ಬರೆದಿಡುವುದೂ ಹಾಗೆಯೇ. ಚೌಕುಳಿ ಕಾಗದದಲ್ಲಿ ಚುಕ್ಕೆ ಇಟ್ಟರೆ ನೇಕಾರರ ಕಣ್ಣಿಗೆ ಅದು ದಡಿಯಲ್ಲದೆ ಬೇರೇನು ಕಂಡೀತು? ಎರಡನೆಯ ಸಲ ಅವರು ಬರುವಷ್ಟರಲ್ಲಿ ಮಗ್ಗದ ಮೇಲೆ ಕೌದಿ ಹೊದಿಸಿದ್ದೆವು. ಅಕ್ಕೋರು ಬಾಗಿಲಲ್ಲಿ ನಿಂತು ಅದನ್ನು ನೋಡಿ, "ಮಗ್ಗಕ್ಕ ಥಂಡಿ ಹತ್ತೇದೇನು?" ಎಂದರು. ನಾವು ಯಾರೂ ನಗಲಿಲ್ಲ.

ಅವತ್ತು ಅವರು ನನ್ನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತರು. "ನೀ ಯಾವಾಗಲೂ ಇಲ್ಲೇ ಕೂತು ಸುತ್ತತೀಯೇನು? ಕೂಸು ಹುಟ್ಟಿದ ಮ್ಯಾಲೆ ತೊಟ್ಟಲಾ ಎಲ್ಲಿ ಕಟ್ಟತೀ?" ಎಂದು ಕೇಳಿದರು. ಕೂಸು ಭೂಮಿಗೆ ಬೀಳುವ ಮೊದಲು ತೊಟ್ಟಿಲ ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಅವರು ಹೊಸ್ತಿಲು ದಾಟಿದ ಕೂಡಲೇ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ದೃಷ್ಟಿ ಖಾತ್ರಿಯಾಯಿತು.

ಇಪ್ಪತ್ತು ದಿನದ ಮೇಲೆ ನಕಾಶೆ ತಯಾರಾಯಿತು. ಸೋಮವಾರ ಹುನಗುಂದಕ್ಕೆ ದೊಡ್ಡ ಸಾಹೇಬರು ಬರುವವರಿದ್ದರು, ಅವರ ಮುಂದೆ ಇಡಬೇಕು. ತಗಡಿನ ಕೊಳವೆಯಲ್ಲಿ ಸುತ್ತಿಟ್ಟ ಅದನ್ನು ಅಕ್ಕೋರು ಭಾನುವಾರ ಮುಂಜಾನೆಯೇ ಮಾವನ ಕೈಗೆ ಕೊಟ್ಟರು. ಮುಂಬೈಯಿಂದ ತಂದದ್ದರಲ್ಲಿ ಇದೊಂದೇ ಹಾಳೆ ಉಳಿದಿತ್ತು, ಜ್ವಾಕಿಯಿಂದ ಹಿಡಿಯಿರಿ ಎಂದರು. ಹೋಗುವ ಮೊದಲು ಕೊಳವೆಯಿಂದ ಒಂದಿಷ್ಟು ಎಳೆದು ಬಲಗಡೆಯ ಕೆಳ ಮೂಲೆಯನ್ನು ಮಾವನಿಗೆ ತೋರಿಸಿದರು. ಅಲ್ಲಿ ಗೆರೆ ಎಳೆದು ಒಂದು ಸಣ್ಣ ಚೌಕದ ಮನೆ ಮಾಡಿ, ಒಳಗೆ ತಮ್ಮ ಹೆಸರು ಬರೆದಿದ್ದರು. ಆ ಹೊತ್ತಿನ ಅವರ ಮುಖ ನನಗೆ ಚೆನ್ನಾಗಿ ನೆನಪಿದೆ. ಪ್ರಾಯಶಃ ಅದು ಅವರ ಮೊದಲ ಕಟ್ಟಡ...

ಮಾವ ಸಂಘಕ್ಕೆ ಹೋದ ಮೇಲೆ ಅತ್ತೆ ಕೊಳವೆ ಬಿಚ್ಚಿದಳು. ಹಾಳೆಯನ್ನು ಎರಡು ಬೆರಳಲ್ಲಿ ತಿಕ್ಕಿದಳು, ಮೂಸಿದಳು. "ಇದು ಕಾಗದ ಅಲ್ಲಲೇ ತಂಗಿ, ಅರಿವಿ!"

ಖರೆಯೇ ಅದು ಬಟ್ಟೆ. ಆಚೆಗಿನದು ಈಚೆಗೆ ಕಾಣುವಷ್ಟು ತೆಳ್ಳಗೆ, ಗಾಜಿನ ಹಾಗೆ ನುಣುಪು, ಮೈತುಂಬ ಗಂಜಿ. ನಕಾಶೆ ಬರೆಯುವವರಿಗೆಂದೇ ಅಂಥ ಬಟ್ಟೆ ಮಾಡುತ್ತಾರೆಂದು ನಮಗೇನು ಗೊತ್ತು? ಗಂಜಿ ಇಳಿಯುವ ತನಕ ಬಟ್ಟೆಯನ್ನು ನಂಬಬಾರದು ಎನ್ನುವುದು ಅತ್ತೆಯ ಯಾವತ್ತಿನ ಮಾತು. ಯಾರದೇ ಸೀರೆ ಕೈಗೆ ಬಂದರೂ ಒಂದು ಅಂಚು ನೀರಲ್ಲಿ ಅದ್ದಿ, ಗಂಜಿ ಬಿಡಿಸಿ, ಎಳೆ ಎಣಿಸಿದ ಮೇಲೇ ಅವಳು ಮಾತಾಡುತ್ತಿದ್ದಳು. "ಒಂದು ಮೂಲಿ ಅದ್ದು. ಮಿಲ್ಲಿಂದೋ ಅಲ್ಲೋ ನೋಡೂಣು" ಎಂದಳು.

ಯಾವ ಮೂಲೆ ಎಂದು ಅವಳು ಹೇಳಲಿಲ್ಲ. ಅದನ್ನು ಆರಿಸಿದ್ದು ನಾನು.

ತಾಟಿನಲ್ಲಿ ನೀರು ತಂದು ಅದ್ದಿದೆ. ಒಂದು ಗಳಿಗೆಯಲ್ಲಿ ಗಂಜಿ ಲೋಳೆಯಾಯಿತು, ಅದರ ಜೊತೆ ಮಸಿಯೂ ಎದ್ದು ನೀರು ಕಪ್ಪಾಯಿತು. ಗಾಬರಿಯಾಗಿ ಎತ್ತಿ ಸೆರಗಿನಿಂದ ಒತ್ತಿದೆ, ಇನ್ನಷ್ಟು ಕೆಟ್ಟಿತು. ಮೂಲೆ ಮುದುಡಿ ಬರೀ ಅರಿವೆಯಾಗಿ ನಿಂತಿತ್ತು. ಉಳಿದ ನಕಾಶೆಗೆ ಏನೂ ಆಗಿರಲಿಲ್ಲ. ಅತ್ತೆ ಎಳೆ ಎಣಿಸುವುದನ್ನೂ ಮರೆತು ಅದನ್ನು ಒಣಗಿಸಿ, ಸುತ್ತಿ, ಕೊಳವೆಗೆ ಹಾಕಿದಳು.

ಹುನಗುಂದದಲ್ಲಿ ಆದದ್ದನ್ನು ಮಾವನ ಬಾಯಿಂದಲೇ ಕೇಳಿದೆ. ಸಾಹೇಬರು ನಕಾಶೆ ನೋಡಿ ಮೆಚ್ಚಿದರಂತೆ. ಬರೆದವರು ಯಾರು ಎಂದು ಮೂಲೆ ನೋಡಿದರೆ ಹೆಸರಿಲ್ಲ. ನಾನೇ ಬರೆದದ್ದು ಎಂದು ಅಕ್ಕೋರು ಹೇಳಿದರೆ, ಕಟ್ಟುವ ಗುತ್ತೇದಾರ ನಕ್ಕುಬಿಟ್ಟನಂತೆ. ಮಾಸ್ತರರು ಹೌದು ಎಂದರೂ ತಂದೆಯ ಸಾಕ್ಷಿ ನಡೆಯಲಿಲ್ಲ. ಸಾಹೇಬರು ಮಾವನ ಕಡೆ ನೋಡಿದರು. ಹಿಂದಿನ ದಿನವಷ್ಟೇ ಆ ಹೆಸರನ್ನು ಕಣ್ಣಾರೆ ಕಂಡಿದ್ದ ಮಾವ ತಲೆ ತಗ್ಗಿಸಿದರು. ಗುತ್ತೇದಾರ ಅಲ್ಲೇ ಪಕ್ಕದಲ್ಲಿ ತನ್ನ ಹೆಸರು ಬರೆದು ಸಹಿ ಹಾಕಿದ.

"ಹೆಣ್ಮಗಳ ಹೆಸರ ಇದ್ರ ಹತ್ತು ಸವಾಲ್ ಹಾಕಿ ತಡಾ ಮಾಡತಿದ್ರು. ಆದದ್ದು ಛಲೋನ ಆತು" ಎಂದರು ಮಾವ, ಕಾಲು ತೊಳೆಯುತ್ತ.

ಮರುದಿನ ಅಕ್ಕೋರು ಬಂದರು. ನನ್ನ ಬೆರಳ ಸಂದಿಯಲ್ಲಿ ಮಸಿ ಇನ್ನೂ ಹೋಗಿರಲಿಲ್ಲ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ನೀರು ಹೇಗೆ ತಾಗಿತು ಎಂದು ಕೇಳಿದರು. "ಗೊತ್ತಿಲ್ರಿ. ಇಲಿ ಉಚ್ಚಿ ಹೊಯ್ದಿರಬೇಕ್ರಿ" ಎಂದೆ. ಮುಚ್ಚಳ ಹಾಕಿದ ತಗಡಿನ ಕೊಳವೆಯೊಳಗೆ!

"ಭಾಳ ಶ್ಯಾಣ್ಯಾ ಇಲಿ ಅದ. ಓದಲಿಕ್ಕೂ ಬರ್ತದ. ಬರೋಬ್ಬರಿ ಹೆಸರಿದ್ದ ಮೂಲೀನ ಹಿಡದದ" ಎಂದು ಅವರು ಎದ್ದು ಹೋದರು.

ಮಗ್ಗದ ಮನೆ ಎದ್ದು ನಿಂತಾಗ ನನ್ನ ಕೂಸಿಗೆ ಐದು ತಿಂಗಳು. ಒಳಗೆ ಕಾಲಿಟ್ಟರೆ ಬೆಳಕು ನೇರ ಎಳೆಯ ಮೇಲೆ ಬೀಳುತ್ತಿತ್ತು. ಬಡಗಣ ಗೋಡೆಗುಂಟ, ಕಂಡಿಕೆ ಸುತ್ತುವ ಹೆಂಗಸರಿಗೆ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ, ಕೂತಲ್ಲಿಂದ ಕೈ ಚಾಚಿ ತೂಗುವಷ್ಟು ದೂರಕ್ಕೊಂದರಂತೆ, ತೊಲೆಯಲ್ಲಿ ಆರು ಕೊಂಡಿ. ಗುತ್ತೇದಾರ ಅವು ಕಂದೀಲು ತೂಗಲು ಎಂದು ಎಲ್ಲರಿಗೂ ಹೇಳುತ್ತಿದ್ದ. ಪಾಪ, ನಕಾಶೆಯಲ್ಲಿ ಇದ್ದದ್ದಕ್ಕೆ ಹಾಕಿಸಿದ್ದ, ಯಾಕೆಂದು ಅವನಿಗೆ ಗೊತ್ತಿರಲಿಲ್ಲ. ಅತ್ತೆ ಒಂದು ಸಲ ತಲೆಯೆತ್ತಿ ನೋಡಿದಳು. ಮನೆಗೆ ಹೋಗಿ ತೊಟ್ಟಿಲ ಹಗ್ಗ ತಂದು ಕಟ್ಟಿದಳು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು.

ಅಕ್ಕೋರು ಬಾಗಿಲ ಹತ್ತಿರ ನಿಂತಿದ್ದರು. ಬಾಗಿಲ ಮೇಲಿನ ಕಲ್ಲಿನಲ್ಲಿ ಗುತ್ತೇದಾರನ ಹೆಸರು ಕೆತ್ತಿತ್ತು. ಅವರು ಅತ್ತ ನೋಡಲಿಲ್ಲ, ತೊಟ್ಟಿಲು ನೋಡಿದರು. "ಎತ್ತರ ಬರೋಬ್ಬರಿ ಆಗೇದೇನು?" ಎಂದು ಕೇಳಿದರು. ಹೂಂ ಎಂದು ತಲೆಯಾಡಿಸಿದೆ. ಆಗ ಹೇಳಬಹುದಿತ್ತು... ಹೇಳಲಿಲ್ಲ. ಮುಂದಿನ ಬೇಸಿಗೆಗೆ ಮಾಸ್ತರರಿಗೆ ಬೇರೆ ಊರಿಗೆ ವರ್ಗವಾಯಿತು. ಆಮೇಲೆ ಅವರು ಇನ್ನೊಂದು ಕಟ್ಟಡಕ್ಕೆ ನಕಾಶೆ ಬರೆದರೋ, ಯಾರಾದರೂ ಬರೆಯಗೊಟ್ಟರೋ, ತಿಳಿಯಲಿಲ್ಲ. ಈಗ ತಿಳಿಯುವಂತೆಯೂ ಇಲ್ಲ.

ನಾನು ಮೂರನೆಯ ಇಯತ್ತೆ ಕಲಿತವಳು, ಆ ಹೆಸರು ಓದಲು ಬರುತ್ತಿತ್ತು. ನಡುವೆ ಚಿತ್ರ ಇದೆ, ಅದು ಕೆಡಬಾರದು, ಮೂಲೆಯಲ್ಲಿ ಬರೀ ಅಕ್ಷರ, ಹೋದರೆ ಹೋಗಲಿ, ಅದಕ್ಕೇ ಆ ಮೂಲೆ ಆರಿಸಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಆದರೆ ಹಾಳೆಗೆ ನಾಲ್ಕು ಮೂಲೆ, ಉಳಿದ ಮೂರೂ ಖಾಲಿ ಇದ್ದವು. ಸೀರೆ ಮುಗಿದರೆ ಸಾವಕಾರನ ಛಾಪೆ ಬೀಳುತ್ತದೆ, ನೇಯ್ದ ಮಾವನ ಹೆಸರೇ ಅದರಲ್ಲಿ ಇರುವುದಿಲ್ಲ, ಸುತ್ತಿದ ನನ್ನದಂತೂ ದೂರ. ಇವಳಿಗೊಬ್ಬಳಿಗೆ ಹೆಸರು ಯಾಕೆ ಬೇಕು? ಹೌದು, ನನಗೆ ಹೊಟ್ಟೆಕಿಚ್ಚಿತ್ತು. ಅವರ ಮೇಲಿನ ಗುಮಾನಿ ತೀರಿ ಎಷ್ಟೋ ಕಾಲವಾಯಿತು, ನನ್ನ ಮೇಲಿನದು ಇನ್ನೂ ತೀರಿಲ್ಲ.

ಮೊನ್ನೆ ಅದೇ ಜಾಗದಲ್ಲಿ ಕಟ್ಟುವ ಹೊಸ ಕಟ್ಟಡದ ನಕಾಶೆ ಹಿಡಿದು ಬಾಗಲಕೋಟೆಯಿಂದ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಹಳೆಯ ಮಗ್ಗದ ಮನೆ ಹೇಗಿತ್ತೆಂದು ಕೇಳಬೇಕಿತ್ತಂತೆ. ಹಾಸಿದ ಹಾಳೆಯಲ್ಲಿ ನಾನು ಬೇರೇನೂ ನೋಡಲಿಲ್ಲ. ಬಲಗಡೆಯ ಕೆಳ ಮೂಲೆಗೆ ಕಣ್ಣು ಹಾಕಿದೆ. ಅವಳ ಹೆಸರಿತ್ತು. ನನಗೆ ನಂಬಿಕೆ ಬರಲಿಲ್ಲ. ಬೆರಳಿಗೆ ಉಗುಳು ಹಚ್ಚಿ ಆ ಹೆಸರನ್ನು ತಿಕ್ಕಿದೆ.

"ಯಾಕಜ್ಜಿ?" ಎಂದು ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಅವಳ ಕಣ್ಣಲ್ಲಿ ಗುಮಾನಿ ಇತ್ತು. ಇರಬೇಕಾದದ್ದೇ.

ಹೆಸರು ಹೋಗಲಿಲ್ಲ. ಕೊಂಡಿಯನ್ನು ತಂದು ಅವಳ ಮುಂದಿಟ್ಟು, ಇದು ಎದಕ್ಕೆ ಇತ್ತು ಎಂದು ಮೊದಲಿನಿಂದ ಹೇಳತೊಡಗಿದೆ.