ಕೈ ಒಳಗಿದ್ದಾಗ ತಿರುಗದ ರೋಲರ್

ದೆವ್ವ, ಭೂತ, ಮಾಟ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುವವಳು ನಾನು. ಈಗಲೂ ನಂಬುವುದಿಲ್ಲ. ಆದರೂ ಒಂದು ಸಂಗತಿ ನನ್ನನ್ನು ಸುಮ್ಮನಿರಲು ಬಿಟ್ಟಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ತಿಳಿಯದ್ದು ನಿಮಗಾದರೂ ತಿಳಿದೀತೆಂದು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯಲ್ಲಿ ಕೊಪ್ಪದ ಹತ್ತಿರ ಒಂದು ಚಹಾ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ; ಕಮ್ಮರಡಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹಲ್ಲಿರುವ ರೋಲರುಗಳ ನಡುವೆ ಸಿಕ್ಕಿಕೊಂಡ ಎಲೆ ಬಿಡಿಸುವುದು ನನ್ನ ಪಾಲಿನ ಕೆಲಸ. ನಾವು ಹೆಂಗಸರು ಮೊದಲು ಫ್ಯೂಸ್ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡೇ ಕೈ ಹಾಕುತ್ತಿದ್ದದ್ದು. ಫ್ಯೂಸ್ ನನ್ನ ಹತ್ತಿರ ಇದ್ದರೆ ಯಾರು ಗುಂಡಿ ಒತ್ತಿದರೇನು?

ಆಮೇಲೆ ಕಂಪ್ಯೂಟರ್ ಪೆಟ್ಟಿಗೆ ಬಂತು. ರೋಲರಿನ ಮೇಲಿನ ಮುಚ್ಚಳ ತೆರೆದರೆ ಮೆಷಿನ್ ತಾನೇ ನಿಲ್ಲುವಂತೆ, ಮುಚ್ಚುವವರೆಗೆ ಹೊರಡದಂತೆ ಅದರಲ್ಲಿ ಪ್ರೋಗ್ರಾಂ ಬರೆದಿದ್ದಾರಂತೆ. ಫ್ಯೂಸ್ ಕಿತ್ತರೆ ಪೆಟ್ಟಿಗೆಗೆ ಎಲ್ಲ ಮರೆತುಹೋಗುತ್ತದೆ, ಇನ್ನು ಮುಟ್ಟಬೇಡಿ ಎಂದರು ಮ್ಯಾನೇಜರು.

ಆದರೆ ಮುಚ್ಚಳ ಸ್ವಲ್ಪ ಅಲುಗಿದರೂ ಮೆಷಿನ್ ನಿಲ್ಲುತ್ತಿತ್ತು. ರೋಲರ್ ನಡೆಸುವ ಇಬ್ರಾಹಿಂ ರೇಗಿ, ಮುಚ್ಚಳದ ಕೆಳಗಿನ ಸ್ವಿಚ್ಚಿಗೆ ಅಡಿಕೆ ಹಾಳೆಯ ಚೂರು ಸಿಕ್ಕಿಸಿ ಒತ್ತಿಟ್ಟುಬಿಟ್ಟ. ಮುಚ್ಚಳ ತೆರೆದಿದ್ದರೂ ಪೆಟ್ಟಿಗೆಗೆ ಮುಚ್ಚಿದ ಹಾಗೇ. ನನಗೆ ಹೇಳಲಿಲ್ಲ. ಮಧ್ಯಾಹ್ನ ಮೆಷಿನ್ ನಿಲ್ಲಿಸಿ ಚಾ ಕುಡಿಯಲು ಹೋದ. ನಾನು ಮುಚ್ಚಳ ಎತ್ತಿ ಮಣಿಕಟ್ಟಿನವರೆಗೆ ಕೈ ಇಳಿಸಿದೆ. ಅವನು ವಾಪಸು ಬಂದು, ನನ್ನನ್ನು ನೋಡದೆ ಆಚೆ ಬದಿಯಿಂದ ಗುಂಡಿ ಒತ್ತಿದ. ಟಕ್ ಎಂದಿತು. ರೋಲರ್ ಅಲುಗಲಿಲ್ಲ. ಮತ್ತೆ ಒತ್ತಿದ.

"ಎಂತಾಗಿದೆ ಮಾರಾಯ ಇದಕ್ಕೆ, ಹೊರಡ್ತಾನೇ ಇಲ್ಲ!"

"ನನ್ ಕೈ ಒಳಗಿದೆಯೋ ಕುರುಡ!"

ಕೈ ಎಳೆದುಕೊಂಡೆ. ಅವನು ಈಚೆ ಓಡಿ ಬಂದು ನನ್ನ ಕೈ ನೋಡಿದ. ಆಮೇಲೆ ಆಚೆ ಹೋಗಿ ಗುಂಡಿಯನ್ನು ಇನ್ನೊಮ್ಮೆ ಒತ್ತಿ ನೋಡಿದ. ರೋಲರ್ ಗುರ್ರೆಂದು ತಿರುಗಿತು.

ಪ್ರೋಗ್ರಾಂ ಬರೆದ ಇಂಜಿನಿಯರ್ ಬಂದ. ಹಾಳೆ ಚೂರನ್ನು ಹಾಗೇ ಬಿಟ್ಟು, ನನ್ನ ಕೈಯ ಬದಲು ಬಾಳೆದಿಂಡು ಇಳಿಸಿ ಗುಂಡಿ ಒತ್ತಿದ. ದಿಂಡು ಜಜ್ಜಿಹೋಯಿತು. ಸಂಜೆಯವರೆಗೆ ದಿಂಡು ಅರೆದದ್ದೇ ಅರೆದದ್ದು. ಒಂದು ಸಲವೂ ರೋಲರ್ ನಿಲ್ಲಲಿಲ್ಲ. ತಂತಿ, ಮೋಟರು ಎಲ್ಲ ಬಿಚ್ಚಿ ನೋಡಿದ. ಎಲ್ಲ ಸರಿಯಿತ್ತು.

"ಕೈ ಹೇಗೆ ಇಟ್ಟಿದ್ರಿ ಅಮ್ಮ?" ಎಂದು ಕೇಳಿದ.

"ಇಟ್ಟು ತೋರಿಸ್ಲಾ?" ಎಂದೆ. ಪಾಪ, ಅವನ ಮುಖ ಬಿಳಚಿಕೊಂಡಿತು.

ಉಳಿದವರು ಪೆಟ್ಟಿಗೆಗೆ ಕುಂಕುಮ ಹಚ್ಚಿ ಕಾಯಿ ಒಡೆದರು. "ಪೆಟ್ಟಿಗೇನೇ ನಿನ್ ಕೈ ಉಳಿಸ್ತು ನೋಡು" ಎಂದರು ಮ್ಯಾನೇಜರು. ಇಂಜಿನಿಯರ್ ನಗಲಿಲ್ಲ. "ಉಳಿಸೋ ಹಾಗೆ ನಾನು ಬರೆದಿಲ್ಲ. ಅದು ಹೊರಡಬೇಕಿತ್ತು. ಕಾರಣವೇ ಇಲ್ಲದೆ ಸುಮ್ಮನೆ ನಿಂತಿದೆ" ಎಂದ. ಸ್ವಿಚ್ಚನ್ನು ಯಾರ ಕೈಗೂ ಎಟುಕದಂತೆ ಒಳಗೆ ಕೂರಿಸಿ ಹೋದ.

ಸುಮ್ಮನೆ ನಿಂತದ್ದು ಸುಮ್ಮನೆ ಹೊರಟರೆ? ನಾನು ಹಠ ಹಿಡಿದು ಚಹಾಪುಡಿಯ ಜರಡಿ ಕೆಲಸಕ್ಕೆ ಹೋದೆ. ಅಲ್ಲೂ ನೆಮ್ಮದಿಯಿಲ್ಲ. ಆ ಮಧ್ಯಾಹ್ನ ಅದು ಯಾಕೆ ತಿರುಗಲಿಲ್ಲ ಎಂದು ಇಂದಿನವರೆಗೆ ಯಾರೂ ಹೇಳಿಲ್ಲ. ರೋಲರಿನ ಸದ್ದು ನಿಂತರೆ ಸಾಕು, ಜರಡಿ ಬಿಟ್ಟು ಎದ್ದು, "ಯಾಕೇ ನಿಂತಿತು ಅದು?" ಎಂದು ಕೂಗುತ್ತಿದ್ದೆ.

"ಊಟದ ಹೊತ್ತು ಮಾರಾಯ್ತಿ!" ಎಂದು ನನ್ನ ಜಾಗಕ್ಕೆ ಬಂದವಳು ನಗುತ್ತಿದ್ದಳು. ಅವಳ ಎರಡೂ ಕೈ ಕಾಣುವವರೆಗೆ ನಾನು ಕೂರುತ್ತಿರಲಿಲ್ಲ.