ಸೆರಾಫಿನ್ ಟೀಚರ ಎಣ್ಣೆ ಕುಪ್ಪಿ

ಗುರುವಾಯನಕೆರೆ ಕಡೆಯ ಇಗರ್ಜಿಯೊಂದರ ಬಾಲವಾಡಿಯಲ್ಲಿ ಸೆರಾಫಿನ್ ಟೀಚರು ಮಕ್ಕಳಿಗೆ ಅಕ್ಷರ ಕಲಿಸಿದರು, ಅಕ್ಷರಕ್ಕಿಂತ ಹೆಚ್ಚು ಪೆಟ್ಟು ಕೊಟ್ಟರು. ಮುಚ್ಚಿಡುವುದೇಕೆ? ‘ಅ’ ಸೊಟ್ಟಗಾದರೆ ಬೆತ್ತ, ಅತ್ತರೆ ಇನ್ನೊಂದು. ಆಮೇಲೆ ಕುಪ್ಪಿಯಿಂದ ತೆಂಗಿನೆಣ್ಣೆ ಸುರಿದು ಬಾಸುಂಡೆಗೆ ಮೆಲ್ಲಗೆ ಹಚ್ಚುತ್ತಿದ್ದರು. ಅವರ ತಾಯಿಯೂ ಸೌದೆಯಲ್ಲಿ ಬಾರಿಸಿ, ಅದೇ ಕೈಯಲ್ಲಿ ಎಣ್ಣೆ ಹಚ್ಚಿಯೇ ಅವರನ್ನು ಬೆಳೆಸಿದ್ದು. ಮಗಳು ಅದನ್ನೇ ಪ್ರೀತಿ ಎಂದು ತಿಳಿದಿದ್ದರು.

೧೯೬೧ರ ಕ್ರಿಸ್‌ಮಸ್ ಹತ್ತಿರವಾದಾಗ ಟೀಚರು ಮಕ್ಕಳಿಗೆ ದಯೆ ಕಲಿಸಲು ಹೊರಟರು. ತರಗತಿಯ ಮೂಲೆಯಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯಂತೆ ಗೋದಲಿ ಕಟ್ಟಿ, ಪಕ್ಕದಲ್ಲಿ ಬೈಹುಲ್ಲಿನ ಸೂಡಿ ಇಟ್ಟರು. ಯಾರಿಗಾದರೂ ಉಪಕಾರ ಮಾಡಿದವರು ಒಂದೆಳೆ ಹುಲ್ಲು ಹಾಕಬೇಕು, ಬಾಲಯೇಸುವಿನ ಹಾಸಿಗೆ ಮೆತ್ತಗಾಗಬೇಕು. ಮೊದಲ ಎಳೆಯನ್ನು ಅವರೇ ಹಾಕಿ ತೋರಿಸಿದರು. ಆಗ ತಾನೇ ಅಣ್ಣುವಿಗೆ ಬಾರಿಸಿ ಎಣ್ಣೆ ಹಚ್ಚಿದ್ದರಲ್ಲ, ಆ ಉಪಕಾರಕ್ಕೆ!

ಅಣ್ಣು ಗುಡ್ಡೆಯ ಮೇಲಿನ ಡೊಂಬಯ್ಯನ ಮಗ. ಅಲ್ಲಿಂದ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಮಗು. ಟೀಚರೇ ಬಿಸಿಲಲ್ಲಿ ಗುಡ್ಡೆ ಹತ್ತಿ, ಒಲ್ಲೆನೆಂದ ಅಪ್ಪನನ್ನು ಕಾಡಿ ಬೇಡಿ ಕರೆತಂದಿದ್ದರು. ಅವನು ಓದಿ ಮೇಲೆ ಬರಬೇಕೆಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು.

ಮಕ್ಕಳಿಗೆ ಉಪಕಾರದ ಹುಚ್ಚು ಹಿಡಿಯಿತು. ಆದರೆ ಬೀಳದವನನ್ನು ಎತ್ತುವುದು ಹೇಗೆ? ಅಣ್ಣುವನ್ನು ಜಗಲಿಯಿಂದ ದೂಡಿ ಎತ್ತಿದರು. ಅವನ ಅಂಗೈಯನ್ನು ಕಲ್ಲಿಗೆ ಉಜ್ಜಿ, ಉಫ್ ಉಫ್ ಎಂದು ಊದಿದರು. ಗೋದಲಿ ತುಂಬುವುದನ್ನು ಕಂಡು ಟೀಚರ ಕಣ್ಣು ತುಂಬಿತು. ಅಯ್ಯೋ ಪುಣ್ಯಾತ್ಗಿತ್ತಿ, ಒಮ್ಮೆ ಜಗಲಿಯ ಕಡೆ ತಿರುಗಿ ನೋಡಬಾರದಿತ್ತೆ?

ರಜೆಯ ಮುನ್ನಾದಿನ ವಿನೋದಾ ಎಂಬ ಗಟ್ಟಿಗಿತ್ತಿ ಹುಡುಗಿ ಅವನನ್ನು ಜೋರಾಗಿ ದೂಡಿದಳು. ಹಣೆ ಮುರಕಲ್ಲಿಗೆ ಬಡಿದು ಹುಬ್ಬು ಸೀಳಿತು. ಕಿರುಚಾಟಕ್ಕೆ ಟೀಚರು ಓಡಿ ಬಂದಾಗ ಅಣ್ಣುವಿನ ಮುಖವೆಲ್ಲ ರಕ್ತ. ಉಳಿದವರು ಅವನನ್ನು ಅದುಮಿ ಹಿಡಿದಿದ್ದರು, ವಿನೋದಾ ಗಾಯಕ್ಕೆ ಎಣ್ಣೆ ಸುರಿಯುತ್ತಿದ್ದಳು.

ಟೀಚರು ಬೆತ್ತ ಬೀಸಿದರು. ಒಂದು ಅವಳ ಬೆನ್ನಿಗೆ, ಒಂದು ತೋಳಿಗೆ.

“ಯಾಕೆ ದೂಡಿದೆ? ಹೇಳು!”

“ನೀವು ಹೊಡೆದು, ಎಣ್ಣೆ ಹಚ್ಚಿ, ಹುಲ್ಲು ಹಾಕಿದ್ದಲ್ವಾ ಟೀಚರೇ?” ಹುಡುಗಿ ಬಿಕ್ಕಿದಳು. “ನಾನೂ ಹಚ್ಚಿದ್ದೇನೆ. ನನಗೂ ಒಂದು ಹುಲ್ಲು ಉಂಟಲ್ಲ?”

ಎತ್ತಿದ ಕೈ ಹಾಗೇ ನಿಂತಿತು.

ಸಂಜೆ ಡೊಂಬಯ್ಯ ಕತ್ತಿ ಹಿಡಿದೇ ಬಂದ.

“ಕಲಿಸ್ಲಿಕ್ಕೆ ಕೊಟ್ಟದ್ದು ಟೀಚರೇ, ಕೊಲ್ಲಲಿಕ್ಕೆ ಅಲ್ಲ! ಇನ್ನು ಅವನನ್ನು ಕಳಿಸುವುದಿಲ್ಲ,” ಎಂದು ಮೇಜಿಗೆ ಕತ್ತಿ ಬೀಸಿದ. ಅದು ಮರಕ್ಕೆ ಕಚ್ಚಿಕೊಂಡಿತು.

ಟೀಚರು ಬೆತ್ತವನ್ನು ತಂದು ಅದರ ಪಕ್ಕದಲ್ಲೇ ಇಟ್ಟರು. “ಇದನ್ನು ಕಡಿ, ಡೊಂಬಯ್ಯ.”

ಅವನು ಕಡಿದ. ತುಂಡು ತುಂಡು ಮಾಡಿದ. ಎಣ್ಣೆ ಕುಪ್ಪಿಯನ್ನು ಟೀಚರೇ ಮನೆಗೆ ಒಯ್ದರು. ಬೆತ್ತವಿಲ್ಲದ ಕಡೆ ಅದಕ್ಕೇನು ಕೆಲಸ?

ರಜೆ ಮುಗಿದು ಬಹಳ ದಿನಗಳ ಮೇಲೆ, ಅಪ್ಪನ ಸಿಟ್ಟು ಇಳಿದು, ಅಣ್ಣು ಬಂದ. ಹುಬ್ಬಿನ ಗಾಯ ಮಾಗಿತ್ತು, ಕಣ್ಣು ಉಳಿದಿತ್ತು. ಆದರೆ ಬೋರ್ಡಿನಲ್ಲಿ ಬರೆಯಲು ಟೀಚರು ಕೈ ಎತ್ತಿದರೆ ಸಾಕು, ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳುತ್ತಿದ್ದ. ಟೀಚರು ಕೈ ಎತ್ತುವುದನ್ನೇ ಬಿಟ್ಟರು. ಅಣ್ಣು ದೊಡ್ಡ ಶಾಲೆಗೆ ಹೋದ ಮೇಲೂ, ನಿವೃತ್ತಿಯವರೆಗೂ, ಅವರು ಬೋರ್ಡಿನ ಕೆಳಗಿನ ಅರ್ಧದಲ್ಲಿ ಮಾತ್ರ ಬರೆದರು. ಹೊಸದಾಗಿ ಬಂದ ಟೀಚರುಗಳು ಅದನ್ನು ವಾತದ ನೋವು ಎಂದುಕೊಂಡಿದ್ದರು.